ಪೇಟೆಯ ವಿಸ್ತಾರವೂ ದಾರಿಯ ಸೌಕರ್ಯವೂ

ಊರು ದೊಡ್ಡದಾದರೆ ಅದರ ಪೇಟೆಯೂ ದೊಡ್ಡದಾಗುವುದೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪಿಕೊಂಡಿರುವ ಮಾತು. ಅರಸರ ಆಶ್ರಯ, ಜನರ ಸಂಪತ್ತು, ವರ್ತಕರ ಜಾಣ್ಮೆ, ಈ ಮೂರೂ ಕೂಡಿದಲ್ಲಿ ಪೇಟೆ ಬೆಳೆಯಿತೆಂದು ನಮ್ಮ ಚರಿತ್ರಕಾರರು ಬರೆಯುವುದುಂಟು. ಇದು ಸುಳ್ಳಲ್ಲ, ಆದರೆ ಪೂರ್ತಿಯಾದ ಸತ್ಯವೂ ಅಲ್ಲ. ಅರಸರ ಆಶ್ರಯವಿಲ್ಲದೆ, ಊರೆಂದು ಕರೆಯಲು ತಕ್ಕಷ್ಟು ಮನೆಗಳೂ ಇಲ್ಲದೆ, ವಾರಕ್ಕೊಂದು ದಿನ ಸುತ್ತಣ ಹತ್ತಿಪ್ಪತ್ತು ಹಳ್ಳಿಗಳ ಜನರನ್ನು ಸೇರಿಸಿಕೊಳ್ಳುವ ಸಂತೆಮಾಳಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಸಂಪತ್ತೂ ಜಾಣ್ಮೆಯೂ ಇದ್ದು, ಒಂದು ತಲೆಮಾರು ಕಳೆಯುವಷ್ಟರಲ್ಲಿ ಬಡವಾದ ಪೇಟೆಗಳೂ ಇವೆ. ಆದುದರಿಂದ ಪೇಟೆಯ ಗಾತ್ರವನ್ನು ಅದರ ಅಂಗಡಿಗಳ ಸಾಲಿನಿಂದ ಅಳೆಯುವುದಕ್ಕೆ ಮೊದಲು, ಅದಕ್ಕೆ ಬಂದು ಸೇರುವ ದಾರಿಗಳ ಕಡೆಯಿಂದ ಅಳೆದು ನೋಡುವುದು ಯುಕ್ತವೆಂದು ತೋರುತ್ತದೆ. ಈ ಲೇಖನದಲ್ಲಿ ಅಂತಹ ಒಂದು ಪ್ರಯತ್ನವನ್ನು ಮಾಡಿದೆ. ಯಾರು, ಎಷ್ಟು ದೂರದಿಂದ, ಯಾವ ಹೊರೆಯೊಡನೆ ಬಂದು, ಹೊತ್ತು ಮುಳುಗುವುದರೊಳಗೆ ಮನೆಗೆ ಹಿಂದಿರುಗಬಲ್ಲರು ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಮೊದಲು ಸಂತೆಯನ್ನೇ ನೋಡೋಣ. ಕೊಡಗಿನ ಉತ್ತರ ಭಾಗದಲ್ಲಿ ಸೋಮವಾರಪೇಟೆ, ಶನಿವಾರಸಂತೆ ಎಂಬ ಎರಡು ಊರುಗಳಿವೆ. ಊರಿಗೆ ದೇವರ ಹೆಸರೋ ಗೌಡನ ಹೆಸರೋ ಕೆರೆಯ ಹೆಸರೋ ಬರುವುದು ವಾಡಿಕೆ. ಇಲ್ಲಿ ವಾರದ ಹೆಸರೇ ಊರಿನ ಹೆಸರಾಗಿದೆ. ಎಂದರೆ, ಸುತ್ತಣವರಿಗೆ ಆ ಸ್ಥಳದ ವಿಚಾರದಲ್ಲಿ ತಿಳಿದಿರಬೇಕಾದ ಮುಖ್ಯವಾದ ಸಂಗತಿ ಅಲ್ಲಿಗೆ ಯಾವ ದಿನ ಹೋಗಬೇಕೆಂಬುದೊಂದೇ ಆಗಿತ್ತೆಂದು ಊಹಿಸಬಹುದು. ಸಂತೇಮರಹಳ್ಳಿ, ಸಂತೇಬೆನ್ನೂರು, ಸಂತೇಶಿವರ ಮೊದಲಾದ ಹೆಸರುಗಳೂ ಇದನ್ನೇ ಹೇಳುತ್ತವೆ. ಒಂದು ಸೀಮೆಯ ಸಂತೆಗಳು ಒಂದೇ ದಿನ ಬೀಳದಂತೆ ವಾರದ ದಿನಗಳನ್ನು ಹಂಚಿಕೊಂಡಿರುವುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ಏರ್ಪಾಡು. ಇದನ್ನು ಯಾವ ಅಧಿಕಾರಿಯೂ ಒಂದು ಕಡೆ ಕುಳಿತು ನಿರ್ಣಯಿಸಿದಂತೆ ಕಾಣುವುದಿಲ್ಲ.

ಹೀಗೇಕೆ ಆಯಿತೆಂಬುದಕ್ಕೆ ಕಾರಣ ಸರಳವಾದುದು. ಬಳೆಗಾರನೋ ಉಪ್ಪಿನ ವ್ಯಾಪಾರಿಯೋ ಒಂದು ಅಂಗಡಿಯನ್ನು ದಿನವೂ ತೆರೆದಿಟ್ಟು ಜೀವಿಸಬೇಕಾದರೆ ಅವನಿಗೆ ಇಂತಿಷ್ಟು ಮಂದಿ ಗಿರಾಕಿಗಳು ಬೇಕು. ಒಂದು ಹಗಲಿನಲ್ಲಿ ನಡೆದು ಬಂದು ಹಿಂದಿರುಗಬಲ್ಲ ಜನ ಅಷ್ಟು ಮಂದಿ ಇಲ್ಲದಿದ್ದರೆ ಅಂಗಡಿ ನಿಲ್ಲದು. ಆಗ ಗಿರಾಕಿ ಅಂಗಡಿಗೆ ಬರುವುದಕ್ಕೆ ಬದಲಾಗಿ ಅಂಗಡಿಯೇ ಗಿರಾಕಿಯ ಬಳಿಗೆ ಹೋಗುವುದು. ಇಂದು ಒಂದೂರಿನಲ್ಲಿ, ನಾಳೆ ಇನ್ನೊಂದೂರಿನಲ್ಲಿ. ಸಂತೆಯೆಂದರೆ ಕಾಲುಬಂದ ಪೇಟೆ.

ಈ ಒಂದು ಹಗಲಿನ ಲೆಕ್ಕವನ್ನು ಬಹು ಸ್ಪಷ್ಟವಾಗಿ ಬರೆದಿಟ್ಟವನು ೧೩ನೆಯ ಶತಮಾನದ ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞನಾದ ಬ್ರಾಕ್ಟನ್. ಒಂದು ಸಂತೆಗೆ ಎಷ್ಟು ಹತ್ತಿರದಲ್ಲಿ ಇನ್ನೊಂದು ಸಂತೆ ಹುಟ್ಟಿದರೆ ಮೊದಲಿನದಕ್ಕೆ ಅನ್ಯಾಯವಾಗುವುದೆಂಬುದು ಆ ಕಾಲದ ವ್ಯಾಜ್ಯದ ವಿಷಯ. ಅವನು ಒಂದು ದಿನದ ಪಯಣವನ್ನು ೨೦ ಮೈಲಿಯೆಂದು ಹಿಡಿದು, ಆ ದಿನವನ್ನು ಮೂರು ಪಾಲುಮಾಡಿದನು: ಬೆಳಗಿನ ಪಾಲು ಹೋಗುವುದಕ್ಕೆ, ನಡುವಿನ ಪಾಲು ಕೊಂಡು ಮಾರುವುದಕ್ಕೆ, ಕೊನೆಯ ಪಾಲು ಬೆಳಕಿರುವಾಗಲೇ ಮನೆ ಸೇರುವುದಕ್ಕೆ. ಹೀಗೆ ಸಂತೆಸಂತೆಗೂ ಇರಬೇಕಾದ ಅಂತರ ೬⅔ ಮೈಲಿಯಾಯಿತು. ಕಳ್ಳರ ಭಯವಿದ್ದ ಕಾಲ. ಕತ್ತಲಾಗುವುದಕ್ಕೆ ಮೊದಲು ಹಿಂದಿರುಗಬೇಕೆಂಬ ಮಾತನ್ನು ನ್ಯಾಯಗ್ರಂಥದಲ್ಲಿಯೂ ಬರೆಯಬೇಕಾಗಿತ್ತು. ನಮ್ಮ ಸಂತೆಗಳಿಗೆ ಇಂತಹ ಲಿಖಿತವಾದ ಕಟ್ಟಳೆಯನ್ನು ನಾನು ಕಂಡಿಲ್ಲ. ಆದರೆ ಮಗುವನ್ನು ಕಂಕುಳಲ್ಲಿಯೂ ಕುಕ್ಕೆಯನ್ನು ತಲೆಯ ಮೇಲೆಯೂ ಇಟ್ಟುಕೊಂಡು ಸಂತೆಗೆ ನಡೆದ ಹೆಂಗಸಿಗೆ ಬ್ರಾಕ್ಟನನ ಲೆಕ್ಕ ಹೇಳಿಕೊಡದೆಯೇ ತಿಳಿದಿದ್ದಿತು.

ಚೀನದೇಶದ ಸಿಚುವಾನ್ ಪ್ರಾಂತದ ಸಂತೆಗಳನ್ನು ಕುರಿತು ವಿಲಿಯಂ ಸ್ಕಿನ್ನರ್ ಎಂಬ ವಿದ್ವಾಂಸರು ೧೯೬೪-೬೫ರಲ್ಲಿ ಪ್ರಕಟಿಸಿದ ಲೇಖನಗಳು ಈ ವಿಷಯದಲ್ಲಿ ಪ್ರಸಿದ್ಧವಾದುವು. ಅಲ್ಲಿ ಒಂದು ಚಿಕ್ಕ ಸಂತೆಗೆ ಸುಮಾರು ೧೮ ಹಳ್ಳಿಗಳು ಸೇರಿರುತ್ತಿದ್ದುವೆಂದು ಅವರು ಕಂಡರು. ಅದಕ್ಕಿಂತಲೂ ಮುಖ್ಯವಾದುದು ಅವರು ಹೇಳಿದ ಇನ್ನೊಂದು ಮಾತು. ದಾರಿ ಒಳ್ಳೆಯದಾದಾಗ ಚಿಕ್ಕ ಸಂತೆ ಬೆಳೆಯುವುದಿಲ್ಲ, ಸಾಯುತ್ತದೆ. ಹಳ್ಳಿಯವನು ಅದನ್ನು ದಾಟಿ ಅದರಾಚೆಯ ದೊಡ್ಡ ಪೇಟೆಗೆ ಹೋಗಬಲ್ಲವನಾಗುತ್ತಾನೆ. ದಾರಿಯಿಂದ ಊರು ಉದ್ಧಾರವಾಗುವುದೆಂಬ ನಮ್ಮ ನಂಬಿಕೆಗೆ ಇದು ವಿರೋಧವಾಗಿ ತೋರಬಹುದು. ಆದರೆ ದಾರಿಗೆ ಎರಡು ಕೊನೆಗಳಿರುತ್ತವೆ. ಯಾವ ಕೊನೆಯ ಊರು ಉದ್ಧಾರವಾಗುವುದೆಂಬುದನ್ನು ವಿಚಾರಿಸದೆ ಹೇಳಲಾಗದು.

ಸಂತೆಗಿಂತ ಬೇರೆಯಾದ, ಬಹುದೂರದ ವ್ಯಾಪಾರದಿಂದ ಬದುಕುವ ಪಟ್ಟಣಗಳೂ ನಮ್ಮಲ್ಲಿ ಪೂರ್ವದಿಂದ ಇದ್ದುವು. ಬನವಾಸಿ ಪನ್ನಿಚ್ಛಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವೆ ಅವುಗಳಲ್ಲೊಂದು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಶಾಸನಗಳು ಕನ್ನಡನಾಡಿನಲ್ಲಿ ಮಾತ್ರವಲ್ಲ, ತಮಿಳುನಾಡಿನಲ್ಲಿಯೂ ಸಿಂಹಳದಲ್ಲಿಯೂ ದೊರೆತಿವೆ. ಈ ಶಾಸನಗಳನ್ನು ವರ್ತಕರ ಪ್ರಶಸ್ತಿಗಾಗಿ ಓದುವವರೇ ಹೆಚ್ಚು. ಸುಂಕದ ವಿವರಗಳನ್ನು ಓದುವವರು ಕಡಮೆ; ಪ್ರಕೃತ ವಿಷಯಕ್ಕೆ ಅವೇ ಬೇಕಾದುವು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆಮತ್ತೆ ಬರುತ್ತವೆ. ಸರಕಿನ ಪ್ರಮಾಣವನ್ನು ಹೇಳುವಾಗ ‘ಹೇರು’ ಎಂಬ ಮಾತು ಬರುತ್ತದೆ. ಹೇರೆಂದರೆ ಒಂದು ಪ್ರಾಣಿಯ ಬೆನ್ನಿನ ಮೇಲೆ ಹೇರಬಹುದಾದಷ್ಟು ಸರಕು. ಅಡಕೆಯಾಗಲಿ ಮೆಣಸಾಗಲಿ ಉಪ್ಪಾಗಲಿ, ಅದನ್ನು ಅಳೆಯುವ ಮಾನವೇ ಸಾಗಣೆಯ ಮಾನ. ಪೇಟೆಯ ಸಂಪತ್ತನ್ನು ಎತ್ತಿನ ಬೆನ್ನಿನಿಂದ ಅಳೆದ ಕಾಲವದು. ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಯ ಮೇಲಿರುವ ಸುಂಕದಕಟ್ಟೆ ಈಗ ನಗರದ ಒಂದು ಬಡಾವಣೆ. ಹೇರುಗಳನ್ನು ನಿಲ್ಲಿಸಿ ಎಣಿಸುತ್ತಿದ್ದ ಕಾಲದ ನೆನಪು ಆ ಹೆಸರಿನಲ್ಲಿ ಉಳಿದಿದೆ.

ಹೇರೆತ್ತಿಗೆ ಮೇವು ನೀರು ಬೇಕು. ಇದನ್ನು ಮರೆತರೆ ಹಿಂದಿನ ಪೇಟೆಗಳ ಚರಿತ್ರೆ ಅರ್ಥವಾಗದು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸರ ಡೊಮಿಂಗೊ ಪಯಸನು ರಾಜಧಾನಿಯ ಬೀದಿಗಳನ್ನೂ ರತ್ನದ ಅಂಗಡಿಗಳನ್ನೂ ವರ್ಣಿಸಿರುವುದನ್ನು ಎಲ್ಲರೂ ಉದಾಹರಿಸುತ್ತಾರೆ. ಅವನು ಭಟ್ಕಳದಿಂದ ಘಟ್ಟದ ಮೇಲಕ್ಕೆ ಬರುವ ದಾರಿಯ ವಿಚಾರವಾಗಿ ಬರೆದಿರುವುದು ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. ಬೆಟ್ಟಕಾಡುಗಳಿದ್ದರೂ ದಾರಿ ಸಮವಾಗಿದೆ, ದಾರಿಯ ಅಂಚಿನುದ್ದಕ್ಕೂ ನೀರಿನ ಹಳ್ಳಗಳಿವೆ, ಈ ಕಾರಣದಿಂದಲೇ ಭಟ್ಕಳಕ್ಕೆ ಅಷ್ಟೊಂದು ಸರಕು ಹರಿದುಬರುತ್ತದೆ, ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತವೆ ಎಂಬುದು ಅವನ ಮಾತಿನ ತಾತ್ಪರ್ಯ. ಕಾರಣವನ್ನು ಗಮನಿಸಬೇಕು. ಬಂದರಿನ ಆಳವನ್ನಾಗಲಿ ಅರಸನ ಔದಾರ್ಯವನ್ನಾಗಲಿ ಅವನು ಹೇಳಲಿಲ್ಲ. ದಾರಿಯ ಬದಿಯ ನೀರನ್ನು ಹೇಳಿದನು. ಸರಕು ಹೊತ್ತ ಎತ್ತು ನೀರಿಲ್ಲದ ದಾರಿಯನ್ನು ಹಿಡಿಯಲಾರದು. ಭಟ್ಕಳದ ಪೇಟೆಯ ಹಿರಿಮೆಯ ಒಂದು ಪಾಲು ಆ ಹಳ್ಳಗಳಿಗೆ ಸಲ್ಲತಕ್ಕದ್ದು.

ಇಲ್ಲೊಂದು ಅಪವಾದವನ್ನು ಹೇಳಬೇಕು. ತನ್ನನ್ನು ತಾನೇ ಸಾಗಿಸಿಕೊಂಡು ಬರುವ ಸರಕೊಂದಿದೆ, ಅದು ದನ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಂತಹ ಜಾತ್ರೆಗಳು ಸುತ್ತಣ ಊರುಗಳ ಗಾತ್ರಕ್ಕೆ ಯಾವ ಸಂಬಂಧವೂ ಇಲ್ಲದಷ್ಟು ದೊಡ್ಡವಾಗಿ ಬೆಳೆದುದು ಇದರಿಂದಲೇ. ಹಳ್ಳಿಕಾರ್ ಎತ್ತುಗಳ ಜೋಡಿಗೆ ಗಾಡಿಯ ಬಾಡಿಗೆಯಿಲ್ಲ. ಕೊಯ್ಲು ಮುಗಿದು ಬಿಡುವಾದ ಮೇಲೆ, ಒಡೆಯನೊಡನೆ ದಿನಗಟ್ಟಲೆ ನಡೆದು ಬರುತ್ತಿದ್ದುವು. ಒಂದು ಹಗಲಿನ ಕಟ್ಟು ಅವಕ್ಕಿಲ್ಲ. ಅದಕ್ಕೆ ತಕ್ಕಂತೆ ಆ ಪೇಟೆ ವಾರಕ್ಕೊಮ್ಮೆಯಲ್ಲ, ವರ್ಷಕ್ಕೊಮ್ಮೆ.

ಬೆಂಗಳೂರಿನ ಹಳೆಯ ಪೇಟೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ರೂಪಕ್ಕೆ ಕಾರಣ ಕಾಣುತ್ತದೆ. ೧೫೩೭ರಲ್ಲಿ ಕೆಂಪೇಗೌಡನು ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗುರುತುಮಾಡಿಸಿದನೆಂಬುದು ಐತಿಹ್ಯ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತರಗುಪೇಟೆ, ಹೀಗೆ ಸರಕಿಗೊಂದು ಕಸುಬಿಗೊಂದು ಪೇಟೆ. ಹಲಸೂರು, ಯಲಹಂಕ, ಆನೇಕಲ್ಲು, ಸೊಂಡೆಕೊಪ್ಪ ಮುಂತಾದ ಊರುಗಳ ಹೆಸರುಗಳು ಕೋಟೆಯ ಬಾಗಿಲುಗಳಿಗೆ ಬಂದುವು. ಬಾಗಿಲಿಗೆ ದಾರಿ ಹೋಗಿ ಮುಟ್ಟುವ ಊರಿನ ಹೆಸರನ್ನಿಟ್ಟರಲ್ಲದೆ ಅರಸನ ಹೆಸರನ್ನಿಡಲಿಲ್ಲ. ಬೀದಿಗಳ ಅಗಲ ಹೇರೆತ್ತುಗಳ ಸಾಲುಗಳು ಎದುರುಬದುರಾಗಿ ಹಾದುಹೋಗುವುದಕ್ಕೆ ಸಾಕು. ಹೆಚ್ಚಿಗೆ ಏನೂ ಇಲ್ಲ. ಈಗ ಆ ಬೀದಿಗಳ ಇಕ್ಕಟ್ಟನ್ನು ಕಂಡು ಹಿಂದಿನವರಿಗೆ ಮುಂದಾಲೋಚನೆಯಿರಲಿಲ್ಲವೆಂದು ದೂರುವವರು, ಅವರು ಯಾವ ವಾಹನಕ್ಕಾಗಿ ಬೀದಿಯನ್ನು ಅಳೆದರೆಂಬುದನ್ನು ಮರೆಯುತ್ತಾರೆ.

೧೯ನೆಯ ಶತಮಾನದಲ್ಲಿ ಈ ಅಳತೆ ಎರಡು ಸಲ ಬದಲಾಯಿತು. ೧೮೩೪ರಿಂದ ೧೮೬೧ರವರೆಗೆ ಮೈಸೂರು ಸೀಮೆಯ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಸುಮಾರು ೧,೬೦೦ ಮೈಲಿ ರಸ್ತೆಗಳಾದುವು. ರಸ್ತೆಯೊಡನೆ ಎತ್ತಿನ ಗಾಡಿ ಬಂದಿತು. ಅದೇ ಎರಡು ಎತ್ತುಗಳು ಬೆನ್ನಿನ ಮೇಲೆ ಹೊರುವುದಕ್ಕಿಂತ ಹಲವು ಪಾಲು ಹೆಚ್ಚಿನ ಭಾರವನ್ನು ಗಾಡಿಯಲ್ಲಿ ಎಳೆಯಬಲ್ಲವು. ಕರಾವಳಿಯ ಉಪ್ಪನ್ನು ಮೇಲುಸೀಮೆಗೂ ಮೇಲುಸೀಮೆಯ ಧಾನ್ಯವನ್ನು ಕೆಳಕ್ಕೂ ಸಾಗಿಸುತ್ತಿದ್ದ ಲಂಬಾಣಿಗರ ಕಸುಬಿಗೆ ಅಂದಿನಿಂದ ಕ್ಷೀಣದೆಸೆ ಹತ್ತಿತು. ರೈಲು ಅದನ್ನು ಮುಗಿಸಿತು. ದಾರಿ ಒಳ್ಳೆಯದಾದುದಕ್ಕೆ ತೆತ್ತ ಬೆಲೆಗಳಲ್ಲಿ ಇದೂ ಒಂದು. ತಾಂಡಾಗಳು ನೆಲೆನಿಂತ ಕಥೆಯನ್ನು ಬರೆಯುವವರು ಅದನ್ನು ರಸ್ತೆಗಳ ಚರಿತ್ರೆಯೊಡನೆ ಸೇರಿಸಿ ಬರೆಯಬೇಕು.

ರೈಲಿನ ವಿಚಾರದಲ್ಲಿ ಎಲ್ಲಕ್ಕಿಂತ ಬೋಧಪ್ರದವಾದ ದೃಷ್ಟಾಂತ ಕುಮಟೆಯದು. ಧಾರವಾಡ ಸೀಮೆಯ ಕಪ್ಪುಮಣ್ಣಿನಲ್ಲಿ ಬೆಳೆದ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದಿತು. ಹತ್ತಿ ಬೆಳೆದುದು ಕುಮಟೆಯಲ್ಲಲ್ಲ. ಆದರೂ ಲಿವರ್ಪೂಲಿನ ವರ್ತಕರವರೆಗೆ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಯಿತು. ಸರಕಿಗೆ ಬೆಳೆದ ಹೊಲದ ಹೆಸರು ಬರಲಿಲ್ಲ. ದಾರಿ ಮುಗಿಯುವ ಊರಿನ ಹೆಸರು ಬಂದಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ಕನ್ನಡನಾಡಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಕುಮಟೆಯ ಪೇಟೆ ತುಂಬಿತು. ಹತ್ತಿಯ ಸಾಗಣೆಯ ಸೌಕರ್ಯವೇ ಮುಖ್ಯ ಕಾರಣವಾಗಿ ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಒಂದು ಸರಕಿನ ದಾರಿಗಾಗಿ ಒಂದು ಜಿಲ್ಲೆಯ ಸರಕಾರವೇ ಬದಲಾಯಿತು!

ಇಷ್ಟೆಲ್ಲ ಆದರೂ ಆ ವೈಭವ ಒಂದು ತಲೆಮಾರು ಪೂರ್ತಿ ಬಾಳಲಿಲ್ಲ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿ ಧಾರವಾಡಗಳಿಗೆ ರೈಲು ತಂದರು. ಆ ದಶಕ ಮುಗಿಯುವಷ್ಟರಲ್ಲಿ ಲೋಂಡಾ, ಕ್ಯಾಸಲ್‌ರಾಕ್‌ಗಳ ಮೂಲಕ ಗೋವೆಯ ಮೊರ್ಮುಗೋವೆಯ ಬಂದರಿಗೆ ದಾರಿ ತೆರೆಯಿತು. ಘಟ್ಟದ ದಾರಿಯಲ್ಲಿ ಗಾಡಿಗಳು ಕಡಮೆಯಾದುವು. ಕುಮಟೆಯ ವರ್ತಕರು ಮೊದಲಿನಷ್ಟೇ ಜಾಣರಾಗಿದ್ದರು, ಬಂದರು ಮೊದಲಿದ್ದಲ್ಲಿಯೇ ಇದ್ದಿತು, ಕಡಲು ಒಂದು ಅಂಗುಲವೂ ಸರಿದಿರಲಿಲ್ಲ. ಬದಲಾದುದು ದೂರ ಮಾತ್ರ. ಮೈಲಿಯಲ್ಲಿ ಹತ್ತಿರವಿದ್ದ ಊರು ದಿನಗಳ ಲೆಕ್ಕದಲ್ಲಿ ದೂರವಾಯಿತು. ಇತ್ತ ಹುಬ್ಬಳ್ಳಿ, ಹಲವು ದಿಕ್ಕಿನ ಹಳಿಗಳು ಕೂಡುವ ತಾಣವಾಗಿ, ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆಯಿತು. ನೂರು ವರ್ಷ ಕಳೆದಮೇಲೆ, ೧೯೯೦ರ ದಶಕದಲ್ಲಿ, ಕೊಂಕಣ ರೈಲು ಕುಮಟೆಗೂ ಬಂದಿತು. ಹತ್ತಿ ಹಿಂದಿರುಗಲಿಲ್ಲ. ಒಮ್ಮೆ ಒಂದು ಕಡೆ ಕೂಡಿಕೊಂಡ ವರ್ತಕರು, ದಲ್ಲಾಳಿಗಳು, ಮಂಡಿಗಳು, ಸಾಲಕೊಡುವವರು, ಇವರ ಗುಂಪು ಹೊಸ ದಾರಿಯೊಂದು ತೆರೆದ ಮಾತ್ರಕ್ಕೆ ಚೆದರಿ ಹೋಗುವುದಿಲ್ಲ. ದಾರಿ ಪೇಟೆಯನ್ನು ಕಟ್ಟಿದಮೇಲೆ ಪೇಟೆಯೇ ದಾರಿಗಳನ್ನು ತನ್ನ ಕಡೆಗೆ ಎಳೆದುಕೊಳ್ಳಲು ತೊಡಗುತ್ತದೆ. ನನ್ನ ಅಭಿಪ್ರಾಯದಲ್ಲಿ ಗಾತ್ರ ಮತ್ತು ಸೌಕರ್ಯಗಳ ಸಂಬಂಧದಲ್ಲಿ ಅತ್ಯಂತ ಕಠಿನವಾದ ಭಾಗ ಇದೇ. ಕಾರಣವಾವುದು ಕಾರ್ಯವಾವುದು ಎಂಬುದು ಕಾಲಕಾಲಕ್ಕೆ ಅದಲುಬದಲಾಗುತ್ತದೆ.

ಈ ಎಳೆತವನ್ನು ಗಣಿತದಲ್ಲಿ ಹೇಳಲು ಅಮೆರಿಕದಲ್ಲಿ ಪ್ರಯತ್ನಗಳು ನಡೆದುವು. ೧೯೩೧ರಲ್ಲಿ ವಿಲಿಯಂ ರೈಲಿ ಎಂಬವರು ನ್ಯೂಟನ್ನನ ಗುರುತ್ವಾಕರ್ಷಣದ ಸೂತ್ರವನ್ನೇ ವ್ಯಾಪಾರಕ್ಕೆ ಅನ್ವಯಿಸಿ, ಎರಡು ನಗರಗಳು ತಮ್ಮ ನಡುವಣ ಊರಿನ ವ್ಯಾಪಾರವನ್ನು ಸೆಳೆಯುವ ಬಲ ಅವುಗಳ ಜನಸಂಖ್ಯೆಗೆ ಅನುಗುಣವಾಗಿಯೂ ದೂರದ ವರ್ಗಕ್ಕೆ ವಿಲೋಮವಾಗಿಯೂ ಇರುವುದೆಂದರು. ೧೯೬೩ರಲ್ಲಿ ಡೇವಿಡ್ ಹಫ್ ಎಂಬವರು ಜನಸಂಖ್ಯೆಗೆ ಬದಲಾಗಿ ವ್ಯಾಪಾರಕೇಂದ್ರದ ನೆಲದ ವಿಸ್ತಾರವನ್ನೂ, ಮೈಲಿಗೆ ಬದಲಾಗಿ ಪಯಣದ ಹೊತ್ತನ್ನೂ ತೆಗೆದುಕೊಂಡರು. ಗಿರಾಕಿ ಇಂತಹ ಕಡೆಗೇ ಹೋಗುವನೆಂದು ಹೇಳದೆ, ಹೋಗುವ ಸಂಭವವೆಷ್ಟೆಂದು ಹೇಳಿದರು. ಮೈಲಿಯನ್ನು ಬಿಟ್ಟು ಹೊತ್ತನ್ನು ಹಿಡಿದುದು ದೊಡ್ಡ ಹೆಜ್ಜೆ. ನಮ್ಮ ಹಳ್ಳಿಯವರನ್ನು ಊರು ಎಷ್ಟು ದೂರವೆಂದು ಕೇಳಿದರೆ ‘ಹೊತ್ತೇರುವಷ್ಟರಲ್ಲಿ ಮುಟ್ಟಬಹುದು’ ಎನ್ನುತ್ತಿದ್ದರು. ಅವರಿಗೆ ಇದು ಹೊಸ ಶಾಸ್ತ್ರವೆಂದು ತೋರುತ್ತಿರಲಿಲ್ಲ.

ಈ ಸೂತ್ರದ ಒಳಗುಟ್ಟನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ಹತ್ತಿರದ ಪೇಟೆ ೧ ಲಕ್ಷ ಚದರಡಿಯದು, ೧೦ ನಿಮಿಷದ ದಾರಿ. ದೂರದ ಪೇಟೆ ೪ ಲಕ್ಷ ಚದರಡಿಯದು, ೨೦ ನಿಮಿಷದ ದಾರಿ. ವಿಸ್ತಾರವನ್ನು ಹೊತ್ತಿನ ವರ್ಗದಿಂದ ಭಾಗಿಸಿದರೆ ಎರಡರ ಸೆಳೆತವೂ ಸಮವಾಗುತ್ತದೆ; ಕಾರಿನಲ್ಲಿ ಹೋಗುವವನು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಹೋದಾನು. ಅದೇ ಮನೆಯಲ್ಲಿ ಕೆಲಸಮಾಡುವ ಹೆಂಗಸು ಹತ್ತಿರದ ಪೇಟೆಗೆ ೧೦ ನಿಮಿಷ ನಡೆಯುತ್ತಾಳೆ. ದೂರದ್ದಕ್ಕೆ ಬಸ್ಸು ಕಾಯ್ದು, ಇಳಿದು, ಇನ್ನೊಂದು ಬಸ್ಸು ಹತ್ತಿ ೪೦ ನಿಮಿಷದಲ್ಲಿ ಮುಟ್ಟುತ್ತಾಳೆ. ಅವಳ ಮಟ್ಟಿಗೆ ಆ ದೊಡ್ಡ ಪೇಟೆಯ ಸೆಳೆತ ಚಿಕ್ಕದರ ಕಾಲು ಪಾಲಿಗೆ ಇಳಿಯಿತು; ಐದು ಸಲದಲ್ಲಿ ಒಂದು ಸಲ ಅಲ್ಲಿಗೆ ಹೋದರೆ ಹೆಚ್ಚು. ಕಟ್ಟಡವೊಂದೇ; ಗಾತ್ರ ಇಬ್ಬರಿಗೂ ಒಂದೇ ಅಲ್ಲ. ಅವನಿಗೆ ೪ ಲಕ್ಷ ಚದರಡಿಯಾಗಿರುವುದು ಅವಳಿಗೆ ೧ ಲಕ್ಷ ಚದರಡಿ. ಈ ದೊಡ್ಡ ಪೇಟೆಯ ಸ್ಪರ್ಧೆಯಿಂದ ಹತ್ತಿರದ ಚಿಕ್ಕ ಪೇಟೆ ಮುಚ್ಚಿಹೋದರೆ ನಷ್ಟವಾಗುವುದು ಯಾರಿಗೆಂದು ಬೇರೆ ಹೇಳಬೇಕಾದುದಿಲ್ಲ. ವ್ಯಾಪಾರಕೇಂದ್ರಗಳ ಯೋಜನೆ ಮಾಡುವವರು ‘ಸಂದರ್ಶಕರಿಗೆ ಇಷ್ಟು ನಿಮಿಷದ ದಾರಿ’ ಎಂದು ಬರೆಯುವಾಗ, ಯಾವ ಸಂದರ್ಶಕರಿಗೆ ಎಂದು ಸಾಮಾನ್ಯವಾಗಿ ಬರೆಯುವುದಿಲ್ಲ.

ಕಾರಿಗಾಗಿಯೇ ಅಳೆದು ಕಟ್ಟಿದ ಪೇಟೆಯ ಮೂಲಮಾದರಿ ಅಮೆರಿಕದ ಮಿನೆಸೋಟ ಪ್ರಾಂತದ ಈಡೈನಾ ಎಂಬಲ್ಲಿ ೧೯೫೬ರಲ್ಲಿ ತೆರೆದ ಸೌತ್‌ಡೇಲ್. ಅದನ್ನು ಕಲ್ಪಿಸಿದ ವಿಕ್ಟರ್ ಗ್ರೂಯೆನ್ ವಿಯೆನ್ನಾ ನಗರದಲ್ಲಿ ಹುಟ್ಟಿದವರು. ತಮ್ಮ ಊರಿನ ಚೌಕಗಳಂತೆ ಜನ ನಡೆದಾಡಿ ಕುಳಿತು ಮಾತನಾಡುವ ಸ್ಥಳವೊಂದನ್ನು ಚಾವಣಿಯ ಕೆಳಗೆ ಕಟ್ಟಬೇಕೆಂದು ಬಯಸಿದ್ದರು. ಸುತ್ತಲೂ ಮನೆಗಳು, ಶಾಲೆಗಳು, ಆಸ್ಪತ್ರೆ, ಉದ್ಯಾನ ಇರಬೇಕೆಂಬುದು ಅವರ ನಕ್ಷೆ. ಕಟ್ಟಡದ ಸುತ್ತ ವಾಸ್ತವವಾಗಿ ಹಬ್ಬಿದುದು ಸಾವಿರಾರು ಕಾರುಗಳು ನಿಲ್ಲುವ ಬಯಲು. ಒಳಗೆ ನಡೆದಾಡಲು ಕಟ್ಟಿದ ಪೇಟೆಗೆ ಹೊರಗಿನಿಂದ ನಡೆದು ಬರಲಾಗದು! ಗ್ರೂಯೆನ್ ತಮ್ಮ ಕೊನೆಗಾಲದಲ್ಲಿ ಈ ಬಗೆಯ ಕೇಂದ್ರಗಳನ್ನು ಕಟುವಾಗಿ ನಿಂದಿಸಿದರು. ಆದರೆ ಅಷ್ಟುಹೊತ್ತಿಗೆ ಮಾದರಿ ಅವರ ಕೈಮೀರಿ ಹೋಗಿದ್ದಿತು.

ಬೆಂಗಳೂರಿಗೆ ಆ ಮಾದರಿ ಬಂದುದು ೨೧ನೆಯ ಶತಮಾನದ ಆರಂಭದಲ್ಲಿ. ಕೋರಮಂಗಲದ ಫೋರಂ ಮಾಲ್ ೨೦೦೪ರಲ್ಲಿಯೂ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ೨೦೧೦ರಲ್ಲಿಯೂ ತೆರೆದುವು. ಅಮೆರಿಕದಂತೆ ಊರಾಚೆಯ ಬಯಲಿನಲ್ಲಲ್ಲ, ಜನನಿಬಿಡವಾದ ರಸ್ತೆಗಳ ಮಗ್ಗುಲಲ್ಲಿಯೇ. ಹೀಗಾಗಿ ಇಲ್ಲಿ ಕಾರುಗಳ ಬಯಲು ನೆಲದೊಳಕ್ಕೆ ಇಳಿಯಿತು, ಸಾಲು ಮಾತ್ರ ರಸ್ತೆಯ ಮೇಲೆ ಉಳಿಯಿತು. ಗಾತ್ರ ಹೆಚ್ಚಿದಷ್ಟೂ ಬರುವವರು ಹೆಚ್ಚುತ್ತಾರೆ, ಬರುವವರು ಹೆಚ್ಚಿದಷ್ಟೂ ದಾರಿ ಕಟ್ಟಿ ಹೊತ್ತು ಹೆಚ್ಚುತ್ತದೆ, ಹೊತ್ತು ಹೆಚ್ಚಿದಷ್ಟೂ ಗಾತ್ರದ ಸೆಳೆತ ಇಳಿಯುತ್ತದೆ. ದೊಡ್ಡ ಪೇಟೆ ತನ್ನ ದಾರಿಯನ್ನು ತಾನೇ ತಿನ್ನುವುದೆಂದರೆ ಇದು. ೨೦೧೪ರ ಮಾರ್ಚಿಯಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಮೆಟ್ರೊ ರೈಲು ಓಡಲು ಮೊದಲಾದಾಗ ಮಂತ್ರಿ ಸ್ಕ್ವೇರಿನ ಮಗ್ಗುಲಿಗೇ ನಿಲ್ದಾಣವಾಯಿತು. ಕಟ್ಟಡಕ್ಕೆ ಒಂದು ಇಟ್ಟಿಗೆಯನ್ನೂ ಸೇರಿಸದೆ, ಕಾರಿಲ್ಲದವರ ಪಾಲಿಗೆ ಆ ಪೇಟೆ ಅಂದು ದೊಡ್ಡದಾಯಿತು.

ಹಳೆಯ ಪೇಟೆಯ ಗತಿ ಬೇರೆ. ಲಾರಿಗಳು ತರಗುಪೇಟೆಯ ಬೀದಿಗಳಲ್ಲಿ ತಿರುಗಲಾರದಾದುವು. ಸಗಟು ವ್ಯಾಪಾರದ ದೊಡ್ಡ ಭಾಗ ರೈಲಿಗೂ ತುಮಕೂರು ಹೆದ್ದಾರಿಗೂ ಸಮೀಪದ ಯಶವಂತಪುರದ ಪ್ರಾಂಗಣಕ್ಕೆ ಹೋಯಿತು. ಆದರೆ ಚಿಕ್ಕಪೇಟೆಯ ಜವಳಿ ಎಲ್ಲಿಗೂ ಹೋಗಲಿಲ್ಲ. ಸೀರೆಯ ಗಂಟನ್ನು ಗಿರಾಕಿ ಕಂಕುಳಲ್ಲಿ ಹೊತ್ತು ಹೋಗಬಲ್ಲಳು. ಅದಕ್ಕೆ ಲಾರಿ ಬೇಡ. ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳ ಬಸ್ಸುನಿಲ್ದಾಣವಾದುದರಿಂದ, ನಾಡಿನ ಯಾವ ಮೂಲೆಯಿಂದ ಬಂದವರಿಗೂ ಚಿಕ್ಕಪೇಟೆ ನಡೆದುಹೋಗುವಷ್ಟು ದೂರದಲ್ಲಿಯೇ ಇದ್ದಿತು. ಮದುವೆಯ ಜವಳಿಗೆ ಬೆಂಗಳೂರಿಗೆ ಬರುವ ಹಳ್ಳಿಯ ಕುಟುಂಬಕ್ಕೆ ಆ ಇಕ್ಕಟ್ಟಿನ ಬೀದಿ ಯಾವ ಮಾಲಿಗಿಂತಲೂ ವಿಶಾಲವಾದುದು. ೨೦೨೩ರ ಜೂನ್ ತಿಂಗಳಲ್ಲಿ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಜಾರಿಗೆ ಬಂದಾಗ, ದುಡ್ಡಿನಿಂದ ಅಳೆಯುವ ದೂರ ಅವರ ಮಟ್ಟಿಗೆ ಅಳಿಸಿತು. ಕಾಯುವ ಹೊತ್ತೂ ಹೊರೆಯ ಭಾರವೂ ಉಳಿದುವು.

ಕೊನೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮಾತು. ಸಿದ್ದಿಕಟ್ಟೆಯೆಂಬ ಹಳೆಯ ಕೆರೆಯ ಜಾಗದಲ್ಲಿ, ಕೋಟೆಗೂ ಪೇಟೆಗೂ ನಡುವೆ, ೧೯೨೮ರಲ್ಲಿ ಇದನ್ನು ತೆರೆದರು. ೨೦೧೭ರ ಜೂನಿನಲ್ಲಿ ಇದರ ಬಾಗಿಲಿಗೂ ಮೆಟ್ರೊ ಬಂದಿತು. ಕೊಳ್ಳುವವರಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಇಲ್ಲಿಯ ಹೂವಿನ ವ್ಯಾಪಾರ ನಡೆಯುವುದು ಬೆಳಗಿನ ಜಾವದಲ್ಲಿ. ಸುತ್ತಣ ಹಳ್ಳಿಗಳಿಂದ ಸೇವಂತಿಗೆ ಕನಕಾಂಬರಗಳ ಮೂಟೆಗಳು ಕತ್ತಲಿರುವಾಗಲೇ ಬಂದು ಇಳಿಯುತ್ತವೆ. ಮೊದಲನೆಯ ಮೆಟ್ರೊ ಹೊರಡುವ ಹೊತ್ತಿಗೆ ಒಳ್ಳೆಯ ಹೂವಿಗೆ ಬೆಲೆ ಕಟ್ಟಿ ಆಗಿರುತ್ತದೆ. ಮೇಲಾಗಿ ಆ ಗಾಡಿಯಲ್ಲಿ ದೊಡ್ಡ ಹೊರೆಗೆ ಅವಕಾಶವಿಲ್ಲ. ಹೂವಿನ ಮೂಟೆ ಈಗಲೂ ಬರುವುದು ಟೆಂಪೋಗಳಲ್ಲಿ, ಹಾಲಿನ ವ್ಯಾನುಗಳಲ್ಲಿ, ಮೊದಲನೆಯ ಬಸ್ಸುಗಳಲ್ಲಿ. ಅವು ಯಾವ ಊರಿನಿಂದ ಎಷ್ಟು ಹೊತ್ತಿಗೆ ಹೊರಡುತ್ತವೆಯೋ ಅಲ್ಲಿಯವರೆಗೆ ಆ ಮಾರುಕಟ್ಟೆಯ ಎಲ್ಲೆ.